ಗಂಜಿ ಬಿಟ್ಟ ಕಟ್ಟು

ನಂದಾಳ ಕಾರು ಎರಡು ತಿಂಗಳಿನಿಂದ ನಿಂತಲ್ಲಿ ನಡುಗುತ್ತಿತ್ತು. ಓಡುವಾಗ ಏನೂ ತಕರಾರಿಲ್ಲ. ಐವತ್ತರ ವೇಗಕ್ಕೆ ಏರಿತೆಂದರೆ ಅದಕ್ಕೆ ಇಪ್ಪತ್ತೈದು ವರ್ಷವಾಗಿದೆ ಎಂದು ಯಾರೂ ಹೇಳಲಾರರು. ಆದರೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೋ, ಬಸ್ ಸ್ಟ್ಯಾಂಡಿನ ಗದ್ದಲದಲ್ಲೋ ಕಾಲು ಸಡಿಲಿಸಿ ನಿಂತಳೆಂದರೆ ಮುಗಿಯಿತು. ಸ್ಟೇರಿಂಗ್ ಹಿಡಿದ ಅವಳ ಕೈಯ ಬಳೆಗಳು ತಾವಾಗಿಯೇ ಗಲಗಲ ಅನ್ನುವಷ್ಟು ನಡುಕ. ಮತ್ತೆ ಹೊರಡಲು ಕಾಲು ಒತ್ತಿದರೆ ಗಾಡಿ ಒಂದು ಗಳಿಗೆ ಯೋಚನೆ ಮಾಡುತ್ತಿತ್ತು, ಒಮ್ಮೆ ಮುಗ್ಗರಿಸುತ್ತಿತ್ತು, ಆಮೇಲೆ ಮನಸ್ಸಿದ್ದರೆ ಹೋಗುತ್ತಿತ್ತು. ಮನಸ್ಸಿಲ್ಲದ ದಿನ ನಡುರಸ್ತೆಯಲ್ಲೇ ಬಂದ್ ಆಗುತ್ತಿತ್ತು.

ನಂದಾ ಬನಹಟ್ಟಿಯ ನೇಕಾರರ ಮನೆಯ ಸೊಸೆ, ವಯಸ್ಸು ನಲವತ್ನಾಲ್ಕು. ಗಂಡ ರಾಜಕುಮಾರ ಮಾತು ಕಡಿಮೆಯ ಮನುಷ್ಯ. ನಾಲ್ಕು ಪವರ್‌ಲೂಮುಗಳ ಸದ್ದಿನ ನಡುವೆ ಇಪ್ಪತ್ತೈದು ವರ್ಷ ನಿಂತವನಿಗೆ, ಮಾತಾಡಿ ಯಾರಿಗೆ ಕೇಳಿಸಬೇಕು ಎಂದು ಯಾವಾಗಲೋ ಅನ್ನಿಸಿಬಿಟ್ಟಿತ್ತು. ಅವರು ನೇಯ್ದ ಸೀರೆಗಳೆಲ್ಲ ಮೊದಲು ಪೇಟೆಯ ಒಬ್ಬ ವ್ಯಾಪಾರಿಯ ಗಾದಿಗೆ, ಅವನ ಸಗಟು ಅಂಗಡಿಗೆ, ಹೋಗುತ್ತಿದ್ದವು. ಅವನು ಸೀರೆಯ ಅಂಚನ್ನು ಎರಡು ಬೆರಳಲ್ಲಿ ಚಿವುಟಿ, ಮೂಗು ಮುರಿದು, ಬದಿಗೆ ಎಸೆಯುತ್ತಿದ್ದ. ಆ ಮೂಗು ಮುರಿಯುವುದನ್ನು ನೋಡಿ ನೋಡಿ ಸಾಕಾಗಿ ನಂದಾ ಆರು ವರ್ಷದ ಹಿಂದೆ ತೇರದಾಳದ ಸುಪಾರ್ಶ್ವ ಎಂಬ ಕಾಳಿನ ವ್ಯಾಪಾರಿಯಿಂದ ಈ ಬಿಳಿ ಕಾರು ಕೊಂಡಳು. ಜಮಖಂಡಿಯಲ್ಲಿ ಹದಿನೈದು ದಿನ ಡ್ರೈವಿಂಗ್ ಕಲಿತಳು. ಕಲಿಸುವವನು ಆ ಹದಿನೈದೂ ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಹದಿನಾರನೆಯ ದಿನ ಹಿಂದಿನ ಸೀಟಿನ ತುಂಬ ಸೀರೆ ಪೇರಿಸಿಕೊಂಡು ಅವಳೊಬ್ಬಳೇ ಮುಧೋಳಕ್ಕೆ ಹೋಗಿ ಬಂದಳು.

ಅಂದಿನಿಂದ ಸೋಮವಾರ ಮುಧೋಳ, ಬುಧವಾರ ಬೀಳಗಿ, ಶನಿವಾರ ಜಮಖಂಡಿ. ಹೆಂಗಸರು ಕೇಳುವ ಬಣ್ಣ ಅವಳೇ ಕೇಳಿಕೊಂಡು ಬರುವಳು, ರಾಜಕುಮಾರ ಅದನ್ನೇ ನೇಯುವನು. ಅವಳು ಮಾರುವ ಪರಿಯೂ ಅವಳದೇ. ಹೆಚ್ಚು ಹೊಗಳುವುದಿಲ್ಲ. ಒಗೆದು ಉಟ್ಟ ತನ್ನ ಸೀರೆಯ ಸೆರಗನ್ನೇ ಗಿರಾಕಿಯ ಬಾಯಿಯ ಮುಂದೆ ಹಿಡಿದು, ಊದಿ ನೋಡಿರಿ ಅನ್ನುವಳು. ಉಸಿರು ಆ ಕಡೆಯ ಅಂಗೈಗೆ ತಣ್ಣಗೆ ತಾಗುತ್ತಿತ್ತು. ನಮ್ಮ ಅರಿವೆಯಲ್ಲಿ ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ಬೆವರು ಮೈಗೆ ಅಂಟುವುದಿಲ್ಲ ಎಂದು ಆಮೇಲೆ ಅವಳು ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಇದೆಲ್ಲ ಸಹಿಸದವನು ಒಬ್ಬನೇ, ರಾಜಕುಮಾರನ ಅಣ್ಣ ಗಂಗಾರಾಮ. ಮನೆ ಎರಡು ಪಾಲಾಗಿದ್ದರೂ ಕಟ್ಟೆ ಒಂದೇ ಉಳಿದಿತ್ತು, ಆ ಕಟ್ಟೆಯ ಮೇಲೆ ಕೂತು ಇಡೀ ಮನೆತನದ ಮಾನ ಕಾಯುವ ಕೆಲಸವನ್ನು ಅವನು ತಾನಾಗಿಯೇ ವಹಿಸಿಕೊಂಡಿದ್ದ. ನಿಮ್ಮ ತಮ್ಮನ ಹೆಂಡತಿ ಊರೂರು ತಿರುಗುತ್ತಾಳಂತಲ್ಲ ಎಂದು ಗಾದಿಯ ವ್ಯಾಪಾರಿ ಚುಚ್ಚಿದಾಗೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಅವನು ಆ ಕಾರು ಹತ್ತಿರಲಿಲ್ಲ. ಕಾಲು ಉಳುಕಿದಾಗ ಕಾರು ಮನೆಯ ಮುಂದೆಯೇ ನಿಂತಿತ್ತು, ಅವನು ಕುಂಟುತ್ತ ಆಟೋ ಹುಡುಕಿಕೊಂಡು ಹೋಗಿದ್ದ.

ಆ ಜನವರಿಯಲ್ಲಿ ಮುಧೋಳದ ದಾರಿಯಲ್ಲಿ ಒಂದು ಘಟನೆ ನಡೆಯಿತು. ನಂದಾ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರನ್ನು ದಾಟಲು ಬಲಕ್ಕೆ ಬಂದು ಕಾಲು ಒತ್ತಿದಳು. ಗಾಡಿ ಏಳಲಿಲ್ಲ. ಎದುರಿಗೆ ಬಸ್ಸು. ಟ್ರ್ಯಾಕ್ಟರಿನವನು ದೇವರಂಥ ಮನುಷ್ಯ, ಮಣ್ಣಿಗೆ ಇಳಿಸಿಕೊಂಡ. ಬಸ್ಸಿನವನು ಬಾಯಿಗೆ ಬಂದಂತೆ ಬೈದು ಹೋದ. ನಂದಾ ಗಾಡಿಯನ್ನು ಬದಿಗೆ ಹಾಕಿ ಅರ್ಧ ತಾಸು ಅಲ್ಲೇ ಕೂತಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಆ ಬಸ್ಸಿನಲ್ಲಿ ಬನಹಟ್ಟಿಯ ಮಂದಿ ಅರ್ಧ ಇದ್ದರು, ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಕಟ್ಟೆ ಮುಟ್ಟಿತ್ತು.

ಗಂಗಾರಾಮ ಎದ್ದು ನಿಂತೇ ಕಾಯುತ್ತಿದ್ದ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಜಮಖಂಡಿಯ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಅವರು ನೋಡಿ ಸರಿಯಿದೆ ಎಂದರೆ ಮಾತ್ರ ಮುಂದಿನ ಐದು ವರ್ಷ ರಸ್ತೆಗೆ ಇಳಿಯಬಹುದು. ಆ ವಾಯಿದೆ ಬರುವ ಶುಕ್ರವಾರವೇ ಇತ್ತು. ಗಂಗಾರಾಮನಿಗೆ ಅದು ನೆನಪಿತ್ತು.

“ನಂದಾ, ಆ ಡಬ್ಬಿ ಸಾಯೂ ಮುಂದ ನಿನ್ನೂ ಕರಕೊಂಡ ಹೋಗ್ತೈತಿ. ಶುಕ್ರವಾರ ಪಾಸ್ ಆಗಲಿಲ್ಲಂದ್ರ ಗುಜರಿಗೆ ಹಾಕೂದು. ಆಮ್ಯಾಲ ಕಂಡಿಕಿ ಸುತ್ತಕೋತ ಮನ್ಯಾಗ ಕುಂದರು” ಎಂದ.

ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ಬನಹಟ್ಟಿಯ ಹೆಂಗಸರಿಗೆ ಹುಟ್ಟಿದಾಗಿನಿಂದ ಬಂದ ಕೆಲಸ. ನಂದಾಳಿಗೆ ಆ ಕೆಲಸದ ಮೇಲೆ ಸಿಟ್ಟಿಲ್ಲ, ಈಗಲೂ ದಿನವೂ ಸುತ್ತುತ್ತಾಳೆ. ಆದರೆ ‘ಕುಂದರು’ ಎಂಬ ಮಾತು ಅವಳಿಗೆ ನಾಟಿತು. ಕಾರು ಹೋದರೆ ಸೀರೆ ಮತ್ತೆ ಅದೇ ಗಾದಿಗೆ, ಅದೇ ಎರಡು ಬೆರಳಿಗೆ ಹೋಗಬೇಕು. ಮುಧೋಳ, ಬೀಳಗಿಗಳಲ್ಲಿ ತನ್ನ ಹೆಸರು ಹಿಡಿದು ಕರೆಯುವ ಹೆಂಗಸರು, ದಾರಿಯಲ್ಲಿ ಗಾಜು ಇಳಿಸಿಕೊಂಡು ಹೋಗುವಾಗಿನ ಗಾಳಿ, ತನ್ನದೇ ಆದ ಆ ಎರಡು ತಾಸು, ಎಲ್ಲವೂ ಹೋಗುತ್ತವೆ.

“ಆತ್ರಿ ಭಾವಾರ” ಅಂದಳು. “ಪಾಸ್ ಆಗಲಿಲ್ಲಂದ್ರ ಚಾವಿ ನಾನ ತಂದು ನಿಮ್ಮ ಕೈಯಾಗ ಕೊಡ್ತೇನಿ. ಪಾಸ್ ಆತಂದ್ರ ಜಮಖಂಡಿಯಿಂದ ಬನಹಟ್ಟಿತನಕ ನನ್ನ ಬಾಜೂ ಸೀಟಿನ್ಯಾಗ ಕುಂತು ಬರಬೇಕು ನೀವು. ಹಗಲೊತ್ತಿನ್ಯಾಗ, ನಮ್ಮ ಓಣಿ ನಡುವ.”

ಗಂಗಾರಾಮ ನಕ್ಕು, ಆಗಲಿ ಎಂದ. ಆ ಗಾಡಿ ನಡುಗುವುದನ್ನು ಅವನು ದಿನವೂ ಕಟ್ಟೆಯ ಮೇಲಿಂದ ನೋಡುತ್ತಿದ್ದ, ಆ ಷರತ್ತಿಗೆ ಒಪ್ಪುವುದರಲ್ಲಿ ಅವನಿಗೆ ನಷ್ಟವೇನೂ ಕಾಣಲಿಲ್ಲ.

ಮರುದಿನ ಮಂಗಳವಾರ. ಬೆಳಿಗ್ಗೆಯೇ ನಂದಾ ಜಮಖಂಡಿಗೆ ಹೋಗಿ ಮಲ್ಲಿನಾಥನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಳು. ಮಲ್ಲಿನಾಥ ಕೆಟ್ಟ ಮೆಕ್ಯಾನಿಕ್ ಅಲ್ಲ. ಈ ಎರಡು ತಿಂಗಳಲ್ಲಿ ಮೂರು ಸಲ ಈ ಗಾಡಿಗೆ ಕೈ ಹಾಕಿದ್ದ. ಮೊದಲ ಸಲ ಪ್ಲಗ್ಗುಗಳನ್ನು ಬದಲಿಸಿದ. ಎರಡನೆಯ ಸಲ ಕಾರ್ಬುರೇಟರ್ ಬಿಚ್ಚಿ ತೊಳೆದ. ಬನಹಟ್ಟಿಯ ಗಾಡಿಗಳಲ್ಲಿ ಏರ್ ಫಿಲ್ಟರಿನೊಳಗೆ ಅರಳೆಯ ಧೂಳು ತುಂಬಿರುತ್ತದೆಂದು ಅದನ್ನೂ ಜಾಡಿಸಿದ. ಯಾವುದಕ್ಕೂ ಬಗ್ಗದಿದ್ದಾಗ ಮೂರನೆಯ ಸಲ ಒಂದು ಸ್ಕ್ರೂ ತಿರುವಿ, ಕಾಲು ತೆಗೆದರೂ ಇಂಜಿನ್ ಜೋರಾಗಿ ತಿರುಗುವಂತೆ ಮಾಡಿ ಕಳಿಸಿದ. ಅದರಿಂದ ಗಾಡಿ ಬಂದ್ ಆಗುವುದು ಕಡಿಮೆಯಾಯಿತು, ಆದರೆ ನಡುಕದ ಜೊತೆಗೆ ಈಗ ಕಿರಿಚುವುದೂ ಸೇರಿತು.

ಈ ಸಲ ಮಲ್ಲಿನಾಥ ಕೈ ಒರೆಸಿಕೊಂಡು ಕೊನೆಯ ಮಾತು ಹೇಳಿದ. ಈ ಮುಗ್ಗರಿಕೆ, ಈ ಮಿಸ್ಸಿಂಗ್ ಹೋಗುವುದಿಲ್ಲ, ಇಂಜಿನ್ನೇ ದಣಿದಿದೆ, ಪೂರ್ತಿ ಬಿಚ್ಚಬೇಕು. ಬಿಚ್ಚುವ ಬದಲು ಮಾರುವುದು ಒಳ್ಳೆಯದು ಎಂದ. ಹೋಗಲಿ ಬಿಡು ಎಂದು ಮನೆಗೆ ಹೋಗುವ ಹೆಂಗಸಲ್ಲ ನಂದಾ.

“ಮಲ್ಲಿನಾಥ, ದಣಿದಾವ ಮುಂಜಾನೆ ಏಳಾಕ ಒದ್ದಾಡ್ತಾನ, ಹೌದಲ್ಲೋ?” ಎಂದು ಕೇಳಿದಳು. “ಇದು ಮುಂಜಾನೆ ಚೋಕ್ ಎಳದು ಚಾಲೂ ಮಾಡಿದ್ರ ಐದು ನಿಮಿಷ ಭೇಷ್ ಇರತೈತಿ. ಚೋಕ್ ಒಳಗ ನೂಕಿದ್ನೆಂದ್ರ ನಡಗಾಕ ಶುರು. ದಣಿದದ್ದಾದ್ರ ಹಿಂಗ್ಯಾಕ ಮಾಡ್ತೈತಿ?”

ಇದು ಅವಳಿಗೆ ಮಗ್ಗ ಕಲಿಸಿದ ಬುದ್ಧಿ. ಅರಿವೆಯಲ್ಲಿ ತಪ್ಪು ಬಿದ್ದರೆ ರಾಜಕುಮಾರ ಮೊದಲೇ ಮಗ್ಗ ಬಿಚ್ಚುವುದಿಲ್ಲ. ತಪ್ಪು ಯಾವಾಗ ಬೀಳುತ್ತದೆ, ಯಾವಾಗ ಬೀಳುವುದಿಲ್ಲ ಎಂದು ನಿಂತು ನೋಡುತ್ತಾನೆ. ನಂದಾಳೂ ಎರಡು ತಿಂಗಳು ಹಾಗೆಯೇ ನೋಡಿದ್ದಳು. ಮಲ್ಲಿನಾಥ ತಲೆ ಕೆರೆದುಕೊಂಡ. ಚೋಕ್ ಎಂದರೆ ಇಂಜಿನ್ನಿಗೆ ಹೋಗುವ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚು ಕೊಡುವುದು ಎಂದು ವಿವರಿಸಿದ. ಹಾಗಾದರೆ ಗಾಳಿ ಕಡಿಮೆಯಾದಾಗ ಇದಕ್ಕೆ ಸುಖವಾಗುತ್ತದೆ ಎಂದಾಯಿತು, ಎಲ್ಲಿಂದಲೋ ಬೇಡದ ಗಾಳಿ ಒಳಗೆ ಹೋಗುತ್ತಿದೆ ಎಂದು ನಂದಾ ಹಟ ಹಿಡಿದಳು.

ಮಲ್ಲಿನಾಥ ಅವಳ ಸಮಾಧಾನಕ್ಕೆಂದು ಬಾನೆಟ್ ಎತ್ತಿ ಒಂದೊಂದೇ ರಬ್ಬರ್ ಪೈಪು ಮುಟ್ಟಿ ತೋರಿಸಿದ. ಇಂಜಿನ್ ಈ ಪೈಪುಗಳಿಂದ ಒಳಗೆ ಎಳೆದುಕೊಳ್ಳುತ್ತಿರುತ್ತದೆ, ಎಲ್ಲಿ ಬಿರುಕು ಬಿಟ್ಟರೂ ಹೊರಗಿನ ಗಾಳಿ ನುಗ್ಗಿ ಪೆಟ್ರೋಲಿನ ಹದ ಕೆಡುತ್ತದೆ, ಆದರೆ ಇಲ್ಲಿ ಒಂದೂ ಹರಿದಿಲ್ಲ ಎಂದ. ಕೊನೆಗೆ ಕಾರ್ಬುರೇಟರಿನ ಕೆಳಗಿನ ಒಂದು ಪೈಪಿನ ಮೇಲೆ ಅವನ ಬೆರಳು ನಿಂತಿತು. ಅದರ ನಡುವೆ ನಾಲ್ಕು ಬೆರಳಗಲ ಬಿಳಿ ನೂಲಿನ ಕಟ್ಟು, ಎಳೆಗೆ ಎಳೆ ಒತ್ತಿ, ಒಂದರ ಮೇಲೊಂದು ಏರದಂತೆ ಸುತ್ತಿದ್ದು.

“ಹರದಿದ್ದು ಇದೊಂದ ಇತ್ತ್ರಿ ಅಕ್ಕಾರ, ಇದನ್ನ ನೀವ ಕಟ್ಟೀರಿ. ಇಷ್ಟ ಚಂದ ಕಟ್ಟಿದ್ದು ನಾ ಎಲ್ಲೂ ನೋಡಿಲ್ಲ” ಎಂದ.

ನಂದಾಳಿಗೆ ಅಷ್ಟು ಬೇಸರದಲ್ಲೂ ಒಳಗೊಳಗೇ ಹಿಗ್ಗಾಯಿತು. ಎರಡು ವರ್ಷದ ಹಿಂದೆ ಹಿಪ್ಪರಗಿಯ ದಾರಿಯಲ್ಲಿ ಆ ಪೈಪು ಸೀಳಿ ಗಾಡಿ ನಿಂತಾಗ, ಸೀರೆ ಕಟ್ಟಿದ ನೂಲು ಬಿಚ್ಚಿ ಅವಳೇ ಅದನ್ನು ಸುತ್ತಿದ್ದಳು. ಮನೆಗೆ ಬಂದು ಮಗ್ಗಕ್ಕೆ ಉದ್ದಕ್ಕೆ ಹಾಸುವ ನೂಲಿಗೆ ಹಚ್ಚುವ ಗಂಜಿಯನ್ನೇ ಗಟ್ಟಿಯಾಗಿ ಕುದಿಸಿ, ಅದರಲ್ಲಿ ಅದ್ದಿದ ಹೊಸ ನೂಲಿನಿಂದ ಮೂರು ಪದರು ಸುತ್ತಿ, ಮೇಲೆ ಮತ್ತೆ ಗಂಜಿ ಬಳಿದು, ಬಿಸಿಲಿಗೆ ನಿಲ್ಲಿಸಿ ಒಣಗಿಸಿದ್ದಳು. ಬನಹಟ್ಟಿಯಲ್ಲಿ ನೂಲು ಮತ್ತು ಗಂಜಿಯಿಂದ ಸರಿಯಾಗದ್ದು ಯಾವುದೂ ಇಲ್ಲ. ಮುರಿದ ಛತ್ರಿ, ಕಿತ್ತ ಚಪ್ಪಲಿ, ಸೀಳಿದ ಕೊಡಲಿಯ ಕಾವು, ಎಲ್ಲಕ್ಕೂ ಅದೇ ಮದ್ದು. ಆ ಕಟ್ಟಿನ ಕತೆಯನ್ನು ಅವಳು ಊರೆಲ್ಲ ಹೇಳಿಕೊಂಡಿದ್ದಳು, ಗಂಗಾರಾಮನನ್ನು ಕರೆದು ಬಾನೆಟ್ ಎತ್ತಿ ತೋರಿಸಿಯೂ ಇದ್ದಳು. ಗಂಟು ಈಗಲೂ ಒಂದು ಕೂದಲಷ್ಟೂ ಸಡಿಲಾಗಿರಲಿಲ್ಲ. ಅವಳೂ ಅದನ್ನು ನೋಡಿ ಸರಿಯಿದೆ ಎಂದುಕೊಂಡು ಬಾನೆಟ್ ಮುಚ್ಚಿದಳು.

ಬುಧವಾರ ಬೀಳಗಿ. ದಾರಿಯುದ್ದಕ್ಕೂ ಅವಳಿಗೆ ಎಲ್ಲರ ಮೇಲೂ ಸಿಟ್ಟು. ಪೆಟ್ರೋಲು ಹಾಕುವವನ ಮೇಲೆ, ಮಲ್ಲಿನಾಥನ ಮೇಲೆ, ಗಾಡಿ ಮಾರಿದ ಸುಪಾರ್ಶ್ವನ ಮೇಲೆ, ಅಣ್ಣನೆದುರು ತುಟಿ ಬಿಚ್ಚದ ಗಂಡನ ಮೇಲೆ. ರಾಜಕುಮಾರ ಬೆಳಿಗ್ಗೆ ಹೊರಡುವಾಗ ಬಾಗಿಲವರೆಗೆ ಬಂದು, ದಾಟಬೇಡ, ಹಿಂದೆಯೇ ಹೋಗು ಎಂದಷ್ಟೇ ಹೇಳಿದ್ದ. ಅವಳು ಟ್ರ್ಯಾಕ್ಟರುಗಳ ಹಿಂದೆಯೇ, ಕಬ್ಬಿನ ಸೋಗೆ ಗಾಜಿನ ಮೇಲೆ ಬೀಳಿಸಿಕೊಳ್ಳುತ್ತ ಬೀಳಗಿ ಮುಟ್ಟಿದಳು.

ಅಲ್ಲಿ ಹೀರಾ ಎಂಬಾಕೆಯ ಹೊಲಿಗೆ ಅಂಗಡಿಯಲ್ಲಿ ಅವಳು ಸೀರೆ ಹರಡುತ್ತಿದ್ದಳು. ಅಂದು ಬೋರವ್ವ ಎಂಬ ಮುದುಕಿ ಮೊಮ್ಮಗಳಿಗೆ ಸೀರೆ ನೋಡಲು ಬಂದಿದ್ದಳು. ಬೋರವ್ವ ಯಾರ ಮಾತನ್ನೂ ನಂಬುವ ಪೈಕಿಯಲ್ಲ. ನಂದಾ ತನ್ನ ಸೆರಗು ಮುಂದೆ ಹಿಡಿದರೆ ಅದು ನಿನ್ನ ಸೀರೆ, ನಾನು ಕೊಳ್ಳುವುದು ಇದು ಎಂದು ಮಡಿಕೆ ಬಿಚ್ಚಿದ ಹೊಸ ಸೀರೆಯನ್ನೇ ಬಾಯಿಗೆ ಒತ್ತಿಕೊಂಡು ಊದಿದಳು. ಕೆನ್ನೆ ಉಬ್ಬಿದವು, ಕಣ್ಣು ಹೊರಗೆ ಬಂದವು, ಆ ಕಡೆಯ ಅಂಗೈಗೆ ಏನೂ ತಾಗಲಿಲ್ಲ.

“ಎಲ್ಲೈತಬೇ ಗಾಳಿ? ಇದು ತಗಡ ಐತಿ ತಗಡ” ಎಂದು ಸೀರೆ ಕೆಳಗಿಟ್ಟಳು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೊದಲೇ ಕುದಿಯುತ್ತಿದ್ದ ನಂದಾ ಬಿರುಸಾಗಿಯೇ ಉತ್ತರ ಕೊಟ್ಟಳು.

“ಹೊಸಾದ್ರಾಗ ಗಂಜಿ ಇರತೈತಿ ಆಯಿ. ಗಂಜಿ ಇರೂತನಾ ಗಾಳಿ ಹೋಗೂದಿಲ್ಲ. ಎರಡು ಸಲ ಬಿಸಿನೀರಾಗ ಹಾಕು, ಗಂಜಿ ಬಿಡ್ತೈತಿ, ಆಮ್ಯಾಲ ನೋಡು ಹೆಂಗ...”

ಮಾತು ಅಲ್ಲಿಗೇ ನಿಂತಿತು. ಬೋರವ್ವ ಹೆಂಗ ಏನು ಎಂದು ಕೇಳಿದಳು. ನಂದಾಳ ಕಣ್ಣೆದುರು ಬಾನೆಟ್ಟಿನೊಳಗಿನ ಆ ಬಿಳಿ ಕಟ್ಟು ನಿಂತಿತ್ತು. ಎರಡು ವರ್ಷ, ಎರಡು ಬೇಸಿಗೆ, ದಿನಾ ಕೈ ಸುಡುವಷ್ಟು ಕಾಯುವ ಇಂಜಿನ್ನಿನ ಪಕ್ಕದಲ್ಲೇ. ಗಂಜಿ ಎಷ್ಟು ದಿನ ಉಳಿದೀತು?

ಹೀರಾಳ ಮಶೀನಿನ ಕೆಳಗೆ ಬಿದ್ದಿದ್ದ ಚೂರುಗಳಿಂದ ಒಂದು ಚಿಟಿಕೆ ಅರಳೆಯ ಎಳೆ ಹೆಕ್ಕಿಕೊಂಡು ನಂದಾ ಹೊರಗೆ ಹೋದಳು. ಗಾಡಿ ಚಾಲೂ ಮಾಡಿ ಬಾನೆಟ್ ಎತ್ತಿದಳು. ಇಂಜಿನ್ ಎಂದಿನಂತೆ ಕಿರಿಚುತ್ತ ನಡುಗುತ್ತಿತ್ತು. ಅರಳೆಯ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೊದಲು ಬೇರೆ ಪೈಪುಗಳ ಹತ್ತಿರ ಒಯ್ದಳು. ಅದು ಫ್ಯಾನಿನ ಗಾಳಿಗೆ ಅತ್ತಿತ್ತ ಹಾರಾಡಿತು, ಅಷ್ಟೇ. ಆಮೇಲೆ ಕಟ್ಟಿನ ಹತ್ತಿರ ಒಯ್ದಳು. ಇನ್ನೂ ಎರಡು ಬೆರಳು ದೂರ ಇರುವಾಗಲೇ ಅರಳೆ ಅವಳ ಕೈ ಬಿಟ್ಟು ಹೋಗಿ ಕಟ್ಟಿಗೆ ಮೆತ್ತಿಕೊಂಡಿತು. ಕಿತ್ತಳು. ಮತ್ತೆ ಬಿಟ್ಟಳು. ಮತ್ತೆ ಹೋಗಿ ಮೆತ್ತಿಕೊಂಡಿತು.

ಸೆರಗನ್ನು ಅಂಗೈಗೆ ನಾಲ್ಕು ಸುತ್ತು ಸುತ್ತಲು ಹೋದವಳು, ಅದರಲ್ಲೂ ಗಾಳಿ ಆಡುತ್ತದಲ್ಲ ಎಂದು ತನಗೇ ಬೈದುಕೊಂಡು ಬಿಚ್ಚಿದಳು. ಬರಿಗೈಯಿಂದಲೇ ಕಟ್ಟನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು. ಅಂಗೈ ಸುಟ್ಟಿತು. ಇಂಜಿನ್ನಿನ ನಡುಕ ಹೋಯಿತು. ಕೈ ತೆಗೆದಳು, ನಡುಕ ಬಂತು. ಹಿಡಿದಳು, ಹೋಯಿತು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಬೋರವ್ವ, ಇವಳು ಗಾಡಿಯ ಕುತ್ತಿಗೆ ಹಿಚುಕುತ್ತಿದ್ದಾಳೆ ಎಂದು ಹೀರಾಳಿಗೆ ಹೇಳಿದಳು.

ನಂದಾಳಿಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆ ಬಂತು. ಆರು ವರ್ಷದಿಂದ ಊರೂರಿನ ಹೆಂಗಸರಿಗೆ ನಮ್ಮ ನೂಲಿನಲ್ಲಿ ಗಾಳಿ ಆಡುತ್ತದೆ ಎಂದು ಹೇಳುತ್ತ ಬಂದವಳು ತಾನು. ಅದೇ ನೂಲಿನಿಂದ ಗಾಳಿ ತಡೆಯಲು ಹೋದವಳೂ ತಾನೇ. ಕಟ್ಟು ಬಿಚ್ಚಿರಲಿಲ್ಲ, ಗಂಟು ಸೋತಿರಲಿಲ್ಲ; ಗಂಜಿ ಸುಟ್ಟು ಪುಡಿಯಾಗಿ ಉದುರಿದ ಮೇಲೆ ನೂಲು ತನ್ನ ಗುಣ ತೋರಿಸಿತ್ತು. ಎರಡು ತಿಂಗಳು ತಾನು ಬೈದ ಒಬ್ಬೊಬ್ಬರ ಮುಖವೂ ಅವಳಿಗೆ ನೆನಪಾಯಿತು. ಬಸ್ಸಿನ ಮುಂದೆ ಸಾಯಬೇಕಿದ್ದದ್ದು ತನ್ನ ಕೈಕೆಲಸದಿಂದಲೇ ಎಂದು ಹೊಳೆದಾಗ ಅವಳು ಗಾಡಿ ಬಂದ್ ಮಾಡಿ ಚಾವಿ ತೆಗೆದುಕೊಂಡಳು.

ಬೀಳಗಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಅದೇ ದಪ್ಪದ ಪೈಪು ಸಿಕ್ಕಿತು. ಕಟ್ಟಿದ್ದನ್ನು ಬಿಚ್ಚಲು ಬರಲಿಲ್ಲ, ಅಷ್ಟು ಗಟ್ಟಿ. ಹೀರಾಳ ಕತ್ತರಿ ಇಸಕೊಂಡು ಬಂದು ಪೈಪನ್ನೇ ಎರಡೂ ಬದಿಗೆ ಕತ್ತರಿಸಿ ತೆಗೆದಳು. ಹೊಸದನ್ನು ಸಿಕ್ಕಿಸಿ, ಎರಡು ತುದಿಗೂ ಕ್ಲಿಪ್ಪು ಬಿಗಿದಳು. ಹಳೆಯದನ್ನು ಎಸೆಯಲಿಲ್ಲ. ಮುಂದಿನ ಗಾಜಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಳು.

ವಾಪಸು ಬರುವಾಗ ಜಮಖಂಡಿಯಲ್ಲಿ ಮಲ್ಲಿನಾಥನ ಮುಂದೆ ಆ ತುಂಡನ್ನು ಇಟ್ಟು, ಒಂದು ಕಡೆ ಬೆರಳಿನಿಂದ ಮುಚ್ಚಿ ಇನ್ನೊಂದು ಕಡೆಯಿಂದ ಊದು ಎಂದಳು. ಅವನು ಊದಿದ. ಕಟ್ಟಿನ ಸುತ್ತ ಹಿಡಿದ ಅವನದೇ ಕೈಗೆ ಉಸಿರು ತಾಗಿತು. ಕಟ್ಟು ಅಷ್ಟು ಚಂದ ಇತ್ತು, ಅದಕ್ಕೇ ಅನುಮಾನ ಬರಲಿಲ್ಲ ಎಂದು ಒಪ್ಪಿಕೊಂಡ. ಬನಹಟ್ಟಿಯ ಇನ್ನೂ ಎರಡು ಗಾಡಿಗಳಲ್ಲಿ ನೂಲಿನ ಕಟ್ಟು ನೋಡಿದ್ದೇನೆ, ನಾಳೆಯೇ ಕರೆಸುತ್ತೇನೆ ಎಂದ. ಆಮೇಲೆ ತಾನು ತಿರುವಿದ್ದ ಸ್ಕ್ರೂವನ್ನು ಹಿಂದಕ್ಕೆ ತಿರುವಿದ. ಇಂಜಿನ್ನಿನ ಕಿರಿಚಾಟ ಇಳಿಯುತ್ತ ಇಳಿಯುತ್ತ ಮೆಲ್ಲನೆಯ ಗುನುಗಾಗಿ ನಿಂತಿತು.

ಹೊರಡುವಾಗ ಅವನೊಂದು ಉಪಾಯ ಹೇಳಿದ. ಮನೆಯಲ್ಲಿ ಕಟ್ಟಿನ ಮಾತೇ ಎತ್ತಬೇಡಿರಿ, ಮಲ್ಲಿನಾಥ ರಿಪೇರಿ ಮಾಡಿದ ಎಂದುಬಿಡಿರಿ, ನಿಮ್ಮ ಭಾವನವರಿಗೆ ನಿಮ್ಮನ್ನು ಆಡಿಕೊಳ್ಳಲು ಒಂದು ನೆಪ ಯಾಕೆ ಕೊಡುತ್ತೀರಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ನಂದಾ ಯೋಚಿಸಿದಳು. ಸುಳ್ಳು ಹೇಳಿದರೆ ಗಾಡಿ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಆದರೆ ಗಾಡಿ ಸರಿಮಾಡಿದ್ದು ಗಂಡಸರು ಎಂಬ ಮಾತೂ ಕಟ್ಟೆಯ ಮೇಲೆ ಉಳಿಯುತ್ತದೆ. ಅವಳು ತುಂಡನ್ನು ತೆಗೆದು ಮತ್ತೆ ಗಾಜಿನ ಕೆಳಗೇ ಇಟ್ಟಳು.

ಶುಕ್ರವಾರ ಗಂಗಾರಾಮ ಬಸ್ಸಿನಲ್ಲಿ ಜಮಖಂಡಿಗೆ ಬಂದ. ಬಿಳಿ ಅಂಗಿ, ಟೋಪಿ, ಜೇಬಿನಲ್ಲಿ ಗುಜರಿಯವನ ಫೋನ್ ನಂಬರು. ಕಚೇರಿಯ ಅಂಗಳದಲ್ಲಿ ಸಾಲು ದೊಡ್ಡದಿತ್ತು. ನಂದಾಳ ಸರದಿ ಬಂದಾಗ ಹನ್ನೆರಡು ಗಂಟೆ. ಇನ್‌ಸ್ಪೆಕ್ಟರು ದೀಪ ನೋಡಿದರು, ಬ್ರೇಕ್ ನೋಡಿದರು, ಹೊಗೆ ತಪಾಸಣೆಯ ಚೀಟಿ ಓದಿದರು, ನಂಬರು ತಾಳೆ ನೋಡಿದರು. ಚಾಲೂ ಮಾಡಿ ಕಾಲು ತೆಗೆಯಿರಿ ಎಂದರು. ತೆಗೆದಳು. ಈಗ ಒಮ್ಮೆಲೇ ಒತ್ತಿರಿ ಎಂದರು. ಒತ್ತಿದಳು. ಇಂಜಿನ್ ಒಂದು ಕ್ಷಣವೂ ತಡವರಿಸದೆ ಎದ್ದಿತು. ಅವರು ಬಾನೆಟ್ ಮೇಲೆ ಅಂಗೈಯಿಟ್ಟು, ಇಷ್ಟು ಹಳೆಯ ಗಾಡಿಯನ್ನು ಛಲೋ ಇಟ್ಟಿದ್ದೀರಿ ಎಂದು ಕಾಗದಕ್ಕೆ ಸಹಿ ಹಾಕಿ ಮುಂದಿನ ಗಾಡಿಗೆ ಹೋದರು.

ಗಂಗಾರಾಮನ ಮುಖ ನೋಡುವ ಹಾಗಿತ್ತು. ಸ್ವಲ್ಪ ಹೊತ್ತು ಟೋಪಿ ಸರಿಮಾಡಿಕೊಂಡ. ಅವನ ತಲೆ ಬೇರೆ ದಾರಿ ಹುಡುಕುತ್ತಿತ್ತು.

“ರಿಪೇರಿ ಮಾಡಿದಾವ ಯಾರು? ಆ ಮಲ್ಲಿನಾಥೇನ?”

ನಂದಾ ಗಾಜಿನ ಕೆಳಗಿನ ತುಂಡನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ಗುರುತು ಹಿಡಿದ. ಎರಡು ವರ್ಷದ ಹಿಂದೆ ಅವಳು ಬಾನೆಟ್ ಎತ್ತಿ ಹೆಮ್ಮೆಯಿಂದ ತೋರಿಸಿದ್ದು ಅವನಿಗೆ ಮರೆತಿರಲಿಲ್ಲ.

“ಕೆಡಿಸಿದಾಕಿನ ರಿಪೇರಿ ಮಾಡ್ಯಾಳ್ರಿ” ಅಂದಳು. “ಈ ಕಟ್ಟಿನ್ಯಾಗ ಗಾಳಿ ಹೊಕ್ಕು ಗಾಡಿ ನಡಗತಿತ್ತು. ಕಟ್ಟಿದಾಕಿ ನಾನ. ಕತ್ತರಿಸಿದಾಕಿನೂ ನಾನ.”

ಗಂಗಾರಾಮನಿಗೆ ಹೋದ ಜೀವ ಬಂತು. ಹಾಗಾದರೆ ಎರಡು ತಿಂಗಳು ಊರ ಮಂದಿಯ ತಲೆ ತಿಂದದ್ದು, ಬಸ್ಸಿನ ಮುಂದೆ ಹೋಗಿ ನಿಂತದ್ದು, ಎಲ್ಲ ಅವಳದೇ ತಪ್ಪು ಎಂದಾಯಿತು ಎಂದು ದನಿ ಏರಿಸಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ತನ್ನ ಗಾಡಿಯನ್ನು ತಾನೇ ಕೆಡಿಸಿಕೊಳ್ಳುವವಳ ಜೊತೆ ಎಂಥ ಷರತ್ತು, ಇಂಥವಳ ಕೈಯಲ್ಲಿ ಗಾಡಿ ಇರಬೇಕೇ ಎಂದು ಸುತ್ತಲಿನವರನ್ನೇ ನ್ಯಾಯ ಕೇಳುವಂತೆ ಹೇಳಿದ.

ನಂದಾ ತಲೆ ತಗ್ಗಿಸಲಿಲ್ಲ. ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಹಿಡಿದಳು.

“ಹೌದ್ರಿ ಭಾವಾರ. ತಪ್ಪು ನಂದ. ಗಾಡಿನೂ ನಂದ. ಕೂಡ್ರಿ.”

ಅಷ್ಟು ಜನರ ಮುಂದೆ ಕೊಟ್ಟ ಮಾತಿನಿಂದ ಹಿಂದೆ ಸರಿಯುವುದು ಮನೆತನದ ಮಾನ ಕಾಯುವವನಿಗೆ ಆಗಲಿಲ್ಲ. ಕೂತ. ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು, ದವಾಖಾನೆಗೆ ಹೋಗುವವನ ಹಾಗೆ ನೆಟ್ಟಗೆ ಕೂತ. ದಾರಿಯಲ್ಲಿ ಎರಡು ಟ್ರೇಲರಿನ ಒಂದು ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಾಗ ನಂದಾ ಎದುರಿನ ರಸ್ತೆಯನ್ನು ಚೆನ್ನಾಗಿ ನೋಡಿ, ಕಾಲು ಒತ್ತಿ, ಒಂದೇ ಏಟಿಗೆ ದಾಟಿದಳು. ಗಂಗಾರಾಮ ಕಣ್ಣು ಮುಚ್ಚಿಕೊಂಡಿದ್ದ.

ಬನಹಟ್ಟಿಯ ಓಣಿಗೆ ಹೊಕ್ಕಾಗ ಕರೆಂಟ್ ಹೋಗಿತ್ತು. ಮಗ್ಗಗಳೆಲ್ಲ ನಿಂತು ಓಣಿಗೆ ಓಣಿಯೇ ಮೌನವಾಗಿತ್ತು. ಕರೆಂಟ್ ಹೋದರೆ ನೇಕಾರರು ಒಳಗೆ ಕೂಡುವುದಿಲ್ಲ, ಎಲ್ಲರೂ ಕಟ್ಟೆಗಳ ಮೇಲೆ ಬಂದಿದ್ದರು. ಗಾದಿಯ ವ್ಯಾಪಾರಿಯೂ ಬಾಗಿಲಲ್ಲಿ ನಿಂತಿದ್ದ. ಬೇರೆ ದಿನವಾದರೆ ಮಗ್ಗದ ಸದ್ದಿನಲ್ಲಿ ಕಾರು ಬಂದದ್ದೇ ಕೇಳಿಸುತ್ತಿರಲಿಲ್ಲ. ಈಗ ಎಲ್ಲರ ಕಣ್ಣೂ ಕಾರಿನ ಮೇಲೆ, ಕಾರಿನೊಳಗಿನ ಟೋಪಿಯ ಮೇಲೆ. ಬಾಗಿಲ ಬಳಿ ರಾಜಕುಮಾರ ಎದ್ದು ನಿಂತ.

ಓಣಿಯ ನಟ್ಟನಡುವೆ ನಂದಾ ಬ್ರೇಕ್ ಹಾಕಿ ಕಾಲು ತೆಗೆದಳು. ಗಂಗಾರಾಮ ಕಾದ. ಸೀಟು ನಡುಗಲಿಲ್ಲ. ಅವಳ ಕೈಯ ಬಳೆಗಳು ಸದ್ದು ಮಾಡಲಿಲ್ಲ. ಆರು ವರ್ಷ ಹತ್ತದ ಗಾಡಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ: ಚಾಲೂ ಇದ್ದರೆ ಅದು ನಡುಗುತ್ತದೆ. ಅವನ ಮುಖ ಅರಳಿತು. ಗಾಜಿನಿಂದ ತಲೆ ಹೊರಗೆ ಹಾಕಿ, ಎರಡೂ ಬದಿಯ ಕಟ್ಟೆಗಳಿಗೆ ಕೇಳುವ ಹಾಗೆ ಕೂಗಿ ಹೇಳಿದ.

“ನೋಡ್ರೆಪಾ, ನಾ ಹೇಳಿದ್ದಿಲ್ಲೇನ? ಮತ್ತ ಬಂದ್ ಆತು ಇದು.”

ಮಗ್ಗ ನಿಂತ ಆ ಓಣಿಯಲ್ಲಿ ಇಂಜಿನ್ನಿನ ಮೆಲ್ಲನೆಯ ಗುನುಗು ಕಟ್ಟೆಗಳ ಮೇಲಿದ್ದವರಿಗೆಲ್ಲ ಕೇಳಿಸುತ್ತಿತ್ತು. ಮೊದಲು ನಕ್ಕದ್ದು ಮಾತಾಡದ ರಾಜಕುಮಾರ. ಆಮೇಲೆ ಓಣಿಯೇ ನಕ್ಕಿತು, ಗಾದಿಯ ವ್ಯಾಪಾರಿ ಮಾತ್ರ ಒಳಗೆ ಹೋದ. ನಂದಾ ನಗಲಿಲ್ಲ. ಭಾವನ ಕಡೆ ಒಮ್ಮೆ ನೋಡಿ, ಕಾಲು ಒತ್ತಿ, ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದಳು. ಮರುದಿನ ಶನಿವಾರ, ಜಮಖಂಡಿಯ ಪಾಳಿ. ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಸೀರೆ ಪೇರಿಸಲು ಜಾಗ ಮಾಡತೊಡಗಿದಳು.